ಮಧ್ಯಾಹ್ನ ಹನ್ನೆರಡರ ಗಂಟೆ

ಸ್ಮರಣ ಸಂಚಿಕೆಗೆ ಏನಾದ್ರೂ ಬರೆದುಕೊಡಿ ಅಂತ ನಾನು ಓದಿದ ಸ್ಕೂಲಿಂದ ಫೋನ್ ಬಂದಾಗ ನಾನು ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿ ಎಳೀತಾ ಇದ್ದೆ. ಸ್ಪೋರ್ಟ್ಸ್ ಡೇ, ಟೂರು, ಮಳೆಗಾಲದಲ್ಲಿ ಒದ್ದೆ ಯೂನಿಫಾರ್ಮಲ್ಲೇ ಕೂತು ಪಾಠ ಕೇಳಿದ್ದು, ಇದೆಲ್ಲ ಬೇರೆಯವರು ಬರೀತಾರೆ. ನಂಗೆ ಮೊದಲು ನೆನಪಾಗಿದ್ದು ಹಾಸ್ಟೆಲ್ ಅಡುಗೆಮನೆ, ಅದರ ಜೊತೆಗೇ ಮಧ್ಯಾಹ್ನ ಹನ್ನೆರಡರ ಗಂಟೆ.

1994ರಿಂದ 99ರ ತನಕ ನಾನು ಹಾಸ್ಟೆಲ್ಲಲ್ಲಿದ್ದೆ. ಅಪ್ಪ ಸಿದ್ದಾಪುರದ ಹತ್ರ ಒಂದು ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್, ಅಲ್ಲಿಂದ ದಿನಾ ಬಸ್ಸಲ್ಲಿ ಓಡಾಡೋಕೆ ಆಗಲ್ಲ ಅಂತ ವಿರಾಜಪೇಟೆಗೆ ತಂದು ಬಿಟ್ರು. ಮೊದಲನೇ ವಾರ ಪೂರ್ತಿ ಅತ್ತಿದ್ದೆ. ಸಂತ ಅನ್ನಮ್ಮನ ಚರ್ಚಿನ ಗಂಟೆ ಕೇಳಿದಾಗೆಲ್ಲ ಇನ್ನೂ ಜಾಸ್ತಿ ಅಳು ಬರೋದು, ಯಾಕೆ ಅಂತ ಈಗ್ಲೂ ಗೊತ್ತಿಲ್ಲ. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ದೊಡ್ಡವೀರರಾಜೇಂದ್ರ ಅರಸರು ಜಾಗ ಕೊಟ್ಟು ನೆಲೆ ಮಾಡಿಸಿದ್ರು, ಹಾಗೆ 1792ರಲ್ಲಿ ಶುರುವಾದ ಚರ್ಚು ಅದು. ಮನೆ ಬಿಟ್ಟು ಬಂದವರು ಕಟ್ಕೊಂಡಿದ್ದು ಅಂತ ವಾರ್ಡನ್ ಸಿಸ್ಟರ್ ನನ್ನನ್ನ ಸಮಾಧಾನ ಮಾಡೋಕೆ ಹೇಳಿದ್ರು, ಹಾಗಾಗಿ ಇಸ್ವಿ ಸಮೇತ ನೆನಪಿದೆ.

ಶನಿವಾರ ನಮಗೆ ಅಡುಗೆಮನೆ ಡ್ಯೂಟಿ. ಅಕ್ಕಿಯಲ್ಲಿ ಕಲ್ಲು ಆರಿಸೋದು, ತರಕಾರಿ ಹೆಚ್ಚೋದು, ದೊಡ್ಡ ದೊಡ್ಡ ಪಾತ್ರೆ ಬೂದಿ ಹಾಕಿ ಉಜ್ಜೋದು. ಹನ್ನೆರಡಕ್ಕೆ ಗಂಟೆ ಹೊಡೀತಿದ್ದ ಹಾಗೆ ಸಿಸ್ಟರ್ ಸೌಟು ಹಿಡ್ಕೊಂಡೇ ನಿಂತುಬಿಡೋರು, ನಾವೂ ಕೈಲಿದ್ದದ್ದು ಬಿಟ್ಟು ನಿಂತು, ಬೆಳಗ್ಗೆ ಮಧ್ಯಾಹ್ನ ಸಂಜೆ ಗಂಟೆಗೆ ಹೇಳೋ ತ್ರಿಕಾಲ ಪ್ರಾರ್ಥನೆ ಹೇಳ್ಬೇಕು. ದೇವದೂತ ಬಂದು ಮರಿಯಮ್ಮನಿಗೆ ಸುದ್ದಿ ಹೇಳಿದ್ದು, ಆಕೆ ನಿಮ್ಮ ಮಾತಿನಂತೆ ನನಗಾಗಲಿ ಅಂದಿದ್ದು, ನಡುವೆ ಮೂರು ಸಲ ನಮೋ ಮರಿಯಾ, ಎಲ್ಲಾ ಸೇರಿ ಎರಡು ಮೂರು ನಿಮಿಷ ಅಷ್ಟೇ. ಒಂದು ಶನಿವಾರ ಒಲೆ ಮೇಲೆ ಸಾರು ತಳ ಹಿಡಿಯೋ ವಾಸನೆ ಬರ್ತಿದೆ, ನಾನು ಕಣ್ಣು ಬಿಟ್ಟು ಬಿಟ್ಟು ಒಲೆ ಕಡೆ ನೋಡ್ತಿದ್ದೀನಿ, ಬಿಟ್ಟು ಹೋಗೋಕೆ ಧೈರ್ಯ ಇಲ್ಲ. ಸಿಸ್ಟರ್ ಮೆಲ್ಲಗೆ "ಹೋಗಿ ಇಳಿಸಿ ಬಾ ಮಗಾ, ಅದನ್ನೂ ಆತನ ಎದುರಿಗೇ ಮಾಡು" ಅಂದ್ರು. ನಾನು ಹೋಗಿ ಇಳಿಸಿದೆ. ಬಟ್ಟೆ ಸುತ್ತಿ ಹಿಡಿದ ಆ ಬಿಸಿ ಪಾತ್ರೆ ಕೈಗೆ ಎಷ್ಟು ಭಾರ ಇತ್ತು ಅಂತ ಇವತ್ತಿಗೂ ನೆನಪಿದೆ, ಯಾಕಂದ್ರೆ ದೇವರು ನೋಡ್ತಿದ್ದಾರೆ ಅನ್ನೋದು ಭಯ ಹುಟ್ಟಿಸದೆ ಒಂಥರಾ ಜೊತೆ ಇದ್ದ ಹಾಗೆ ಅನ್ನಿಸಿದ್ದು ಅದೇ ಮೊದಲು.

ಆಮೇಲೆ ಪಾತ್ರೆ ಉಜ್ಜುವಾಗ ಸಿಸ್ಟರ್ ನಮಗೆ ಬ್ರದರ್ ಲಾರೆನ್ಸ್ ಕಥೆ ಹೇಳಿದ್ರು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆ ಕೆಲಸ ಮಾಡ್ಕೊಂಡಿದ್ದ ಬ್ರದರ್, ಅದಕ್ಕೂ ಮುಂಚೆ ಸೈನಿಕರಾಗಿದ್ರು, ಕಾಲಿಗೆ ಪೆಟ್ಟಾಗಿತ್ತು. ಅವರಿಗೆ ಚಾಪೆಲ್ಲಲ್ಲಿ ಮೊಣಕಾಲೂರಿದಾಗಲೂ ಅಷ್ಟೇ, ಅಡುಗೆಮನೆ ಗದ್ದಲದಲ್ಲೂ ಅಷ್ಟೇ, ದೇವರು ಎರಡು ಕಡೆನೂ ಒಂದೇ ಥರ ಹತ್ತಿರ. ಅಡುಗೆ ಕೆಲಸ ಅವರಿಗೆ ಮೊದಲು ಇಷ್ಟ ಇರ್ಲಿಲ್ಲವಂತೆ. ಅದು ಕೇಳಿ ನಮಗೆಲ್ಲ ಖುಷಿಯಾಯ್ತು.

ಎಡೆಬಿಡದೆ ಪ್ರಾರ್ಥನೆ ಮಾಡಿರಿ ಅಂತ ಸಂತ ಪೌಲರು ಥೆಸಲೋನಿಕದವರಿಗೆ ಬರೆದಿದ್ದನ್ನ ಬೈಬಲಲ್ಲಿ ಓದಿದಾಗ ನನ್ನ ಪಕ್ಕದ ಬೆಂಚಿನವಳು, ಹಾಗಾದ್ರೆ ಹೋಮ್‌ವರ್ಕ್ ಯಾವಾಗ ಮಾಡೋದು ಸಿಸ್ಟರ್ ಅಂತ ನಿಜವಾಗ್ಲೂ ಚಿಂತೆ ಮಾಡಿ ಕೇಳಿದ್ಲು. ಸಿಸ್ಟರ್ ನಗಲಿಲ್ಲ. ತೊಟ್ಟಿಲಲ್ಲಿ ಮಗು ಮಲಗಿಸಿ ಕೆಲಸ ಮಾಡೋ ತಾಯಿ ನೋಡಿದ್ದೀಯಲ್ಲ, ಕೈ ರೊಟ್ಟಿ ತಟ್ತಾ ಇರತ್ತೆ, ಕಿವಿ ಎಲ್ಲಿರತ್ತೆ? ಅಂತ ಕೇಳಿದ್ರು. ನನಗೆ ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾವ ಧ್ಯಾನಕೂಟದಲ್ಲೂ ಯಾರೂ ಹೇಳಿಕೊಟ್ಟಿಲ್ಲ.

ರಾತ್ರಿ ಲೈಟ್ ಆರಿಸೋ ಮುಂಚೆ ಆತ್ಮಶೋಧನೆ. ಇದು ಲೊಯೋಲಾದ ಸಂತ ಇಗ್ನೇಷಿಯಸ್ ಹಾಕಿಕೊಟ್ಟ ದಾರಿ. ಮೊದಲು ಥ್ಯಾಂಕ್ಸ್ ಹೇಳಿ, ಬೆಳಕು ಕೊಡಪ್ಪಾ ಅಂತ ಬೇಡಿ, ಬೆಳಗ್ಗೆಯಿಂದ ಗಂಟೆ ಗಂಟೆಯಾಗಿ ದಿನಾನ ತಿರುಗಿ ನೋಡ್ಬೇಕು, ಎಲ್ಲಿ ದೇವರ ಜೊತೆ ಇದ್ದೆ, ಎಲ್ಲಿ ಮುಖ ತಿರುಗಿಸ್ದೆ ಅಂತ, ತಪ್ಪಿದ್ರೆ ಕ್ಷಮೆ ಕೇಳಿ ನಾಳೆಯ ದಿನಾನ ಅವರ ಕೈಗೆ ಕೊಟ್ಟು ಮಲಗೋದು. ಆಗ ಬೇಜಾರು ಬರ್ತಿತ್ತು, ಎಷ್ಟೋ ಸಲ ನಡುವೇನೇ ನಿದ್ದೆ ಹೋಗಿದ್ದೀನಿ.

ಮದುವೆ ಆಗಿ ಬಂದಿದ್ದು ಸಣ್ಣ ಬೆಳೆಗಾರರ ಮನೆಗೆ, ಮೂರು ಎಕರೆ ರೋಬಸ್ಟಾ, ನಡುವೆ ಮೆಣಸು. ಕಾಫಿ ಕೆಲಸ ಮಾಡಿದವರಿಗೆ ಗೊತ್ತು, ಇಲ್ಲಿ ಎಲ್ಲಾ ಕಾದು ನೋಡೋದೇ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗತ್ತೆ, ಮಳೆ ಬರೋದು ನಮ್ಮ ಕೈಲಿಲ್ಲ. ಹಣ್ಣು ಕಣಕ್ಕೆ ಹಾಕಿದ ಮೇಲೆ ದಿನಾ ಎಳೀತಾ ಇರ್ಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಒಣಗಿದ್ಯಾ ಅಂತ ನೋಡೋಕೆ ನಮ್ಮತ್ತೆ ಒಂದು ಹಿಡಿ ತಗೊಂಡು ಕಿವಿ ಹತ್ರ ಅಲ್ಲಾಡಿಸೋರು, ಒಳಗೆ ಬೀಜ ಗಲಗಲ ಅಂದ್ರೆ ಆಯ್ತು ಅಂತ ಲೆಕ್ಕ. ಸುತ್ತ ಮಾತು ನಡೀತಿದ್ರೆ ಆ ಸದ್ದು ಕೇಳ್ಸಲ್ಲ, ಸುಮ್ನಿರ್ರೇ ಅಂತ ಗದರೋರು. ನಂಗೆ ಆಗೆಲ್ಲ ಸಿಸ್ಟರ್ ನೆನಪು.

2018ರ ಆಗಸ್ಟಲ್ಲಿ ನಮ್ಮ ಕೊಡಗಿನ ಮಕ್ಕಂದೂರು ಕಡೆ ಬೆಟ್ಟ ಜಾರಿದಾಗ ಪರಿಹಾರ ಕೇಂದ್ರಕ್ಕೆ ಅಡುಗೆಗೆ ಹೋಗಿದ್ದೆ. ದೇವರು ಯಾಕೆ ಹೀಗೆ ಮಾಡಿದ್ರು ಅಂತ ಜನ ಕೇಳೋರು. ನಂಗೆ ಉತ್ತರ ಗೊತ್ತಿರ್ಲಿಲ್ಲ. ಬೈಬಲಲ್ಲಿ ಬರೋ ಪ್ರವಾದಿ ಎಲೀಯನ ಕಥೆ ಮಾತ್ರ ತಲೆಯಲ್ಲಿ ಓಡ್ತಿತ್ತು, ಬಿರುಗಾಳಿಯಲ್ಲಿ ದೇವರಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ, ಆಮೇಲೆ ಒಂದು ಮೆಲು ದನಿ ಬಂತು ಅಂತ. ಏನೂ ಹೇಳದೆ ಅನ್ನ ಬಡಿಸ್ತಾ ಹೋದೆ. ಹನ್ನೆರಡಕ್ಕೆ ಸೌಟು ಹಿಡ್ಕೊಂಡೇ ನಿಂತೆ.

ಒಂದು ವಿಷಯ ಬರೀಲೋ ಬೇಡ್ವೋ ಅಂತ ಯೋಚಿಸ್ತಿದ್ದೆ, ಬರೆದುಬಿಡ್ತೀನಿ. ಮೂರು ವರ್ಷದ ಹಿಂದೆ ಕುಯ್ಲು ಸಮಯ, ಸಂಜೆ ತೂಕ ಹಾಕ್ತಿದ್ದೆ, ಲೆಕ್ಕ ಎಲ್ಲೋ ತಪ್ಪಿ ತಲೆ ಕೆಟ್ಟಿತ್ತು. ಹೊರಗಿನಿಂದ ಕೆಲಸಕ್ಕೆ ಬಂದಿದ್ದ ಒಬ್ಬಾಕೆ ತನ್ನ ಚೀಲ ತೂಗಿಸಿ ಆದ್ಮೇಲೂ ಅಲ್ಲೇ ನಿಂತಿದ್ಲು. ಏನು ಅಂತ ಕೇಳ್ದೆ. ಕೇಳಿದ್ದು ಬಾಯಿ ಮಾತ್ರ, ಕಣ್ಣು ಪುಸ್ತಕದಲ್ಲೇ ಇತ್ತು. ಏನಿಲ್ಲಕ್ಕ ಅಂತ ಹೋದ್ಲು. ರಾತ್ರಿ ಆತ್ಮಶೋಧನೆಗೆ ಕೂತಾಗ ಆ ನಿಂತ ಕಾಲುಗಳು ಕಣ್ಣಿಗೆ ಬಂದ್ವು, ಹಿಮ್ಮಡಿಗೆ ಮಣ್ಣು ಮೆತ್ತಿದ ಆ ಎರಡು ಕಾಲು. ಬೆಳಗ್ಗೆ ಎದ್ದ ಕೂಡ್ಲೇ ಕೆಲಸದವರು ಇರೋ ಲೈನ್ ಮನೆಗೆ ಹೋದೆ. ಮೊದಲನೇ ಬಸ್ಸಿಗೇ ಊರಿಗೆ ಹೋದ್ಲು, ಯಾಕೆ ಅಂತ ಹೇಳಿಲ್ಲ ಅಂದ್ರು ಪಕ್ಕದವರು. ಅವಳು ಬಿಟ್ಟುಹೋಗಿದ್ದ ನಂಬರಿಗೆ ಎಷ್ಟೋ ಸಲ ಫೋನ್ ಮಾಡಿದೆ, ಹತ್ತಲೇ ಇಲ್ಲ. ಮತ್ತೆ ಅವಳು ಬರ್ಲಿಲ್ಲ.

ಈಗ ತೂಕ ಹಾಕುವಾಗ ಒಬ್ಬೊಬ್ಬರ ಲೆಕ್ಕ ಬರೆದಾದ್ಮೇಲೆ ಪೆನ್ನು ಮುಚ್ಚಿಟ್ಟು ಮುಖ ನೋಡ್ತೀನಿ, ಆಮೇಲೆ ಮುಂದಿನ ಚೀಲ. ಹೊತ್ತಾಗತ್ತೆ, ಮನೆಯವರು ಗೊಣಗ್ತಾರೆ. ಆ ವರ್ಷದ ಲೆಕ್ಕದ ಪುಸ್ತಕ ಬಿಸಾಡಿಲ್ಲ, ಜಪಸರದ ಡಬ್ಬಿ ಪಕ್ಕದಲ್ಲೇ ಇದೆ. ಅದರಲ್ಲಿ ಅವಳ ಹೆಸರಿನ ಮುಂದೆ 62 ಕೆಜಿ ಅಂತ ನನ್ನ ಕೈಯಲ್ಲೇ ಬರೆದಿದೆ, ದಿನಾ ರಾತ್ರಿ ಆ ಹೆಸರು ಹೇಳಿನೇ ಲೈಟ್ ಆರಿಸೋದು.