ನೂರು ಪಾಯಿಂಟ್ ನಾಲ್ಕು

ಮಗನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ವಾರ ವೈದ್ಯರು ಹೇಳಿದ ಹತ್ತಾರು ಮಾತುಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಸಂಖ್ಯೆ. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಕಂಡರೆ ಹಗಲು ರಾತ್ರಿ ಎನ್ನದೆ ಹೊರಟು ಬನ್ನಿ, ಜ್ವರದ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ ಎಂದಿದ್ದರು. ಕೀಮೋ ಕೊಟ್ಟ ಮೇಲೆ ಸೋಂಕಿನೊಡನೆ ಹೋರಾಡುವ ಬಿಳಿಯ ರಕ್ತಕಣಗಳು, ಅದರಲ್ಲೂ ನ್ಯೂಟ್ರೋಫಿಲ್‌ಗಳು, ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗೆ ಇಳಿದುಬಿಡಬಹುದು. ಆಗ ಗಾಯ ಕೆಂಪಾಗುವುದೂ ಇಲ್ಲ, ಕೀವು ಕಟ್ಟುವುದೂ ಇಲ್ಲ, ಒಳಗೆ ಏನೋ ಕೆಟ್ಟಿದೆ ಎನ್ನುವುದಕ್ಕೆ ಎಷ್ಟೋ ಸಲ ಜ್ವರವೊಂದೇ ಕುರುಹು. ಅಂದಿನಿಂದ ನಮ್ಮ ಮನೆಯನ್ನು ಆಳಿದ್ದು ನಾನೂ ಅಲ್ಲ, ನನ್ನ ಹೆಂಡತಿಯೂ ಅಲ್ಲ, ಆ ಸಂಖ್ಯೆ.

ಅವನಿಗಾಗ ನಾಲ್ಕು ವರ್ಷ, ಅಕ್ಕನಿಗೆ ಒಂಬತ್ತು. ಅವನಿಗೆ ಬಂದದ್ದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. ಮೊದಲ ನಾಲ್ಕು ವಾರ ಇಂಡಕ್ಷನ್, ಅಂದರೆ ರೋಗದ ಕಣಗಳನ್ನು ಅಡಗಿಸುವ ಮೊದಲ ಸುತ್ತಿನ ಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಬಿರುಸಾದ ಕೀಮೋ, ಕೊನೆಗೆ ಮೇಂಟೆನೆನ್ಸ್ ಎಂದು ದಿನವೂ ಮನೆಯಲ್ಲೇ ಮಾತ್ರೆ. ಒಟ್ಟು ಎರಡೂವರೆ ವರ್ಷ. ಕೂದಲು ಉದುರಿತು, ಮತ್ತೆ ಬಂತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನೋಡುವವರಿಗೆ ಮೊದಲು ಕಾಣುತ್ತಿದ್ದದ್ದು ಅದೇ, ನಮಗೆ ಬೇಗ ಮರೆತುಹೋದದ್ದೂ ಅದೇ.

ಬಾಗಿಲ ಪಕ್ಕದಲ್ಲಿ ಒಂದು ಚೀಲ ಯಾವಾಗಲೂ ಸಿದ್ಧವಾಗಿರುತ್ತಿತ್ತು: ಎರಡು ಜೊತೆ ಬಟ್ಟೆ, ಫೈಲು, ಚಾರ್ಜರು, ಅವನ ಕಿವಿ ಹರಿದ ಬಟ್ಟೆಯ ಆನೆ. ನಾವಿಬ್ಬರೂ ಒಟ್ಟಿಗೆ ಮನೆಯಲ್ಲಿದ್ದ ರಾತ್ರಿಗಳು ಕಡಿಮೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬರು ಬರುವಾಗ ಇನ್ನೊಬ್ಬರು ಹೊರಡುತ್ತಾ, ಇಂದಿನ ಕೌಂಟ್ ಎಷ್ಟು, ಪ್ಲೇಟ್ಲೆಟ್ ಹಾಕಿದರೇ, ಮೂತ್ರ ಎಷ್ಟು ಸಲ ಹೋದ ಎಂದಷ್ಟೇ ಮಾತಾಡಿಕೊಂಡ ತಿಂಗಳುಗಳಿವೆ. ಸಂಸಾರದ ಮಾತೆಲ್ಲವೂ ಒಂದು ನೋಟ್‌ಬುಕ್ಕಿನ ಕಲಮುಗಳಿಗೆ ಇಳಿದಿತ್ತು: ತಾರೀಖು, ತಾಪ, ಔಷಧ, ಷರಾ.

ಸ್ಟೆರಾಯ್ಡ್ ಕೊಡುವ ದಿನಗಳ ಬಗ್ಗೆ ಯಾರೂ ಮುಂಚೆ ಸರಿಯಾಗಿ ಹೇಳಿರಲಿಲ್ಲ, ಅಥವಾ ಹೇಳಿದ್ದು ನಮ್ಮ ಕಿವಿಗೆ ಬಿದ್ದಿರಲಿಲ್ಲ. ರಾತ್ರಿ ಮೂರಕ್ಕೆ ಎದ್ದು ಹಸಿವು ಎಂದು ಅಳುವನು. ಕೊಟ್ಟದ್ದನ್ನು ತಿನ್ನುತ್ತಲೇ ಮುಂದಿನದು ಏನು ಎಂದು ಕೇಳುವನು. ಬಟ್ಟಲು ತಪ್ಪು ಬಣ್ಣದ್ದೆಂದು ಎಸೆಯುವನು. ಮುಖ ಚಂದ್ರನಂತೆ ದುಂಡಗಾಗಿ, ಕಣ್ಣುಗಳು ಒಳಗೆಲ್ಲೋ ಕೂತು, ಅಲ್ಲಿಂದ ನಮ್ಮ ಹಳೆಯ ಮಗ ಇಣುಕಿ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದಿನಿಂದ ನರಗಳು ಸೋತು ಅವನು ಮೆಟ್ಟಿಲು ಹತ್ತುವಾಗ ಪಾದ ಎಳೆಯತೊಡಗಿದ. ಆ ಔಷಧ ಸಿಕ್ಕಿದ್ದು ನಿತ್ಯಪುಷ್ಪದ ಗಿಡದಿಂದ ಎಂದು ತಿಳಿದ ಮೇಲೆ ಆ ಹೂವನ್ನು ಕೃತಜ್ಞತೆಯಿಂದ ನೋಡಬೇಕೋ ಸಿಟ್ಟಿನಿಂದ ನೋಡಬೇಕೋ ನನಗೆ ಇಂದಿಗೂ ಗೊತ್ತಾಗಿಲ್ಲ. ಅವನು ದಿನಾ ರಾತ್ರಿ ನುಂಗುತ್ತಿದ್ದ ಮರ್ಕ್ಯಾಪ್ಟೋಪ್ಯೂರಿನ್ ಮಾತ್ರೆ ಮಾತ್ರ ನನಗೆ ಆಪ್ತವಾಗಿಬಿಟ್ಟಿತ್ತು. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ 1988ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರು. ಇಂಥ ಔಷಧಗಳಿಲ್ಲದ ಕಾಲದಲ್ಲಿ ಈ ರೋಗ ಬಂದ ಮಕ್ಕಳು ಉಳಿಯುತ್ತಿದ್ದದ್ದು ಕೆಲವೇ ತಿಂಗಳು.

ಇಷ್ಟೆಲ್ಲದರ ನಡುವೆ ದೊಡ್ಡವಳು ಬಹಳ ಒಳ್ಳೆಯ ಹುಡುಗಿಯಾಗಿದ್ದಳು. ಈ ಮಾತನ್ನು ನಾವು ಎಲ್ಲರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು, ಅದಕ್ಕೆ ಈಗ ನಾಚಿಕೆಯಾಗುತ್ತದೆ. ಅವಳು ಏನನ್ನೂ ಕೇಳುತ್ತಿರಲಿಲ್ಲ. ಅವಳ ತರಗತಿಯಲ್ಲಿ ಯಾರಿಗೋ ಚಿಕನ್‌ಪಾಕ್ಸ್ ಬಂದಾಗ, ಕೀಮೋದಲ್ಲಿರುವ ಮಗುವಿಗೆ ಅದು ಪ್ರಾಣಾಪಾಯ ತರಬಹುದೆಂದು ಅವಳನ್ನು ಮೂರು ವಾರ ನೆಂಟರ ಮನೆಗೆ ಕಳಿಸಿದೆವು. ಒಂದು ಮಾತೂ ಆಡದೆ ಹೋಗಿ ಬಂದಳು. ಮನೆಗೆ ಬಂದವರು ಅವಳನ್ನು ಕೇಳುತ್ತಿದ್ದದ್ದೂ ತಮ್ಮ ಹೇಗಿದ್ದಾನೆ ಎಂದೇ.

ಎಂಟನೆಯ ತಿಂಗಳಲ್ಲಿ ಒಂದು ರಾತ್ರಿ ಬಚ್ಚಲಲ್ಲಿ ನಲ್ಲಿ ಬಹಳ ಹೊತ್ತು ಸುರಿಯುತ್ತಿರುವುದು ಕೇಳಿ ಎದ್ದು ಹೋದೆ. ಬಾಗಿಲು ತೆರೆದರೆ ಅವಳು ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮಡಿಸಿದ ಟವೆಲನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕೆಮ್ಮು ಕೇಳಿಸದಿರಲೆಂದು ನಲ್ಲಿ ಬಿಟ್ಟಿದ್ದಳು. ಮುಟ್ಟಿದರೆ ಮೈ ಕಾದ ಹೆಂಚು. ಯಾಕೆ ಹೇಳಲಿಲ್ಲ ಎಂದು ನಾನು ಗದರಿದೆ. ಆ ಕ್ಷಣದಲ್ಲೂ ನನಗೆ ಬಂದ ಮೊದಲ ಯೋಚನೆ ಅವಳದ್ದಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ್ದವನದ್ದು. ಅವಳು ತುಸು ಹೊತ್ತು ಸುಮ್ಮನಿದ್ದು, "ಮೊದಲನೇ ಸಲ ನನ್ನಿಂದಲೇ ಬಂತಲ್ಲ, ಮತ್ತೆ ನನ್ನಿಂದ ಆಗಬಾರದು ಅಂತ" ಎಂದಳು.

ಮೊದಲನೇ ಸಲ ಎಂದರೇನೆಂದು ಹೊರಬರಲು ಅರ್ಧ ಗಂಟೆ ಹಿಡಿಯಿತು. ರೋಗ ಗೊತ್ತಾಗುವ ಎರಡು ವಾರ ಮುಂಚೆ ಆಟದಲ್ಲಿ ಜಗಳವಾಡಿ ಅವಳು ಅವನನ್ನು ತಳ್ಳಿದ್ದಳು. ಅವನ ಮೊಣಕಾಲಿನ ಕೆಳಗೆ ನೀಲಿಗಟ್ಟಿತು. ಆ ಕಲೆ ದಿನಗಟ್ಟಲೆ ಮಾಯದ್ದರಿಂದಲೇ ನಾವು ವೈದ್ಯರ ಬಳಿ ಹೋದದ್ದು. ಅವಳ ಲೆಕ್ಕ ನೇರವಾಗಿತ್ತು: ತಳ್ಳಿದೆ, ನೀಲಿಯಾಯಿತು, ಕ್ಯಾನ್ಸರ್ ಆಯಿತು. ಎಂಟು ತಿಂಗಳು ಈ ಲೆಕ್ಕವನ್ನು ಒಬ್ಬಳೇ ಹೊತ್ತಿದ್ದಳು.

ಬಚ್ಚಲ ಹೊಸ್ತಿಲಲ್ಲೇ ಕೂತು ಹೇಳಿದೆ: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್‌ಗಳು ರೋಗದಿಂದ ಆಗಲೇ ಕಡಿಮೆಯಾಗಿದ್ದವು, ಅದಕ್ಕೇ ಅಷ್ಟು ಸಣ್ಣ ಪೆಟ್ಟಿಗೂ ನೀಲಿಗಟ್ಟಿತು, ನಿನ್ನ ಕೈ ರೋಗ ತರಲಿಲ್ಲ, ಅದನ್ನು ಬೇಗ ತೋರಿಸಿಕೊಟ್ಟಿತು. ಅವಳು ನಂಬಿದಳೋ ಇಲ್ಲವೋ ಆಗ ಗೊತ್ತಾಗಲಿಲ್ಲ. ಮುಂದಿನ ಭೇಟಿಗೆ ಅವಳನ್ನೂ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿದೆವು. ಅವರು ಪೆನ್ನಿನಿಂದ ಕಾಗದದ ಮೇಲೆ ಚುಕ್ಕಿಗಳನ್ನಿಟ್ಟು ತೋರಿಸಿದರು. ಆ ಕಾಗದವನ್ನು ಅವಳು ಮಡಿಸಿ ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಮೊದಲ ವಾರವೇ ಮಾಡಬೇಕಾಗಿದ್ದ ಕೆಲಸ ಅದು. ತನ್ನಿಂದಲೇ ಆಯಿತೆಂದುಕೊಳ್ಳುವ ಅಕ್ಕ ತಮ್ಮಂದಿರು ಬಹಳ ಜನ ಎಂದು ವೈದ್ಯರು ಅಂದೇ ಹೇಳಿದ್ದು; ನಾವು ಕೇಳಿರಲಿಲ್ಲ, ಆದ್ದರಿಂದ ಅವರೂ ಹೇಳಿರಲಿಲ್ಲ.

ಮಗನ ಮಾತ್ರೆ ನಿಂತು ಕೆಲವು ತಿಂಗಳಾದವು. ಔಷಧ ಕೊಡಲೆಂದು ಎದೆಯ ಚರ್ಮದಡಿ ಇಟ್ಟಿದ್ದ ಪೋರ್ಟ್ ತೆಗೆದಿದ್ದಾರೆ, ರಕ್ತಪರೀಕ್ಷೆ ಮಾತ್ರ ಇದೆ. ಹೋದ ವಾರ ಬೆಳಿಗ್ಗೆ ದೊಡ್ಡವಳು ಥರ್ಮಾಮೀಟರು ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. 101. ನನ್ನ ಕೈ ತಾನಾಗಿ ಚೀಲದ ಕಡೆ ಹೋಯಿತು.

"ಅವನಿಗಲ್ಲ ಅಪ್ಪ, ನಂಗೆ" ಎಂದು ನನ್ನ ಹಾಸಿಗೆಯಲ್ಲೇ ಬಂದು ಮಲಗಿದಳು.