ಬೇಕಲ ಕೋಟೆಗೆ ನಾನು ಹಾಕಿದ ಮುತ್ತಿಗೆ

ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಕಂಪ್ಯೂಟರ್ ಮುಂದೆ ಕೂತವನು ಹನ್ನೊಂದರ ಒಳಗೆ ಒಂದೇ ವಾಕ್ಯವನ್ನು ನಾಲ್ಕು ಸಲ ವಾಪಸ್ ಹಾಕಿದ್ದೆ. ಕನ್ನಡ ವಿಕಿಪೀಡಿಯದಲ್ಲಿ, ನಮ್ಮ ಕಾಸರಗೋಡಿನ ಬೇಕಲ ಕೋಟೆಯ ಬಗ್ಗೆ. ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಎಂದು ನಾನು. ಅಲ್ಲ, ಅದು ಮೊದಲೇ ಕೇರಳ ಕಡೆಯ ಕೋಲತ್ತಿರಿ ಅರಸರದ್ದು ಎಂದು ಇನ್ನೊಬ್ಬರು. ನಾನು ಹಾಕುವುದು, ಅವರು ತೆಗೆಯುವುದು. ಹೆಂಡತಿ ಹಿಂದಿನಿಂದ ಬಂದು ನೋಡಿ, "ಎಂತ, ಕೋಟೆ ನಿಮ್ಮ ಹೆಸರಿನಲ್ಲಿ ಉಂಟಾ?" ಎಂದು ಕೇಳಿ ಮಲಗಲು ಹೋದಳು.

ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ ಇದಕ್ಕೆ ಲೆಕ್ಕ ಉಂಟು. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಬರಹವನ್ನು ಹಿಂದೆ ತಿರುಗಿಸಿದರೆ ನಿಮ್ಮ ಖಾತೆಗೆ ತಡೆ ಬೀಳಬಹುದು. ನೀವು ಹೇಳಿದ್ದು ಸರಿಯೋ ತಪ್ಪೋ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೊದಲು ಓದಿದಾಗ ಇದು ಅನ್ಯಾಯ ಅನಿಸಿತ್ತು. ಸರಿ ಇದ್ದವನಿಗೂ ಯಾಕೆ ಶಿಕ್ಷೆ?

ನನಗೆ ಅಷ್ಟು ಸಿಟ್ಟು ಬರಲು ಕಾರಣ ಕೋಟೆಯಲ್ಲ, ಅದೂ ನಿಜ. ನಾವು ಕಾಸರಗೋಡಿನವರು. 1956ರಲ್ಲಿ ಗಡಿ ಎಳೆದಾಗ ಕೇರಳದ ಕಡೆ ಬಿದ್ದವರು. ಇಲ್ಲಿ ಊರಿನ ಹೆಸರಿಗೆ ಕೊನೆಗೆ ಒಂದು ಅನುಸ್ವಾರ ಸೇರಿದರೂ ನಮಗೆ ಏನೋ ಕೈತಪ್ಪಿದ ಹಾಗೆ. ಮಂಜೇಶ್ವರ ಮಂಜೇಶ್ವರಂ ಆದರೆ ಎದೆಯಲ್ಲಿ ಚುರ್ ಅನ್ನುತ್ತದೆ. ಹಾಗಿರುವಾಗ ಶಿವಪ್ಪ ನಾಯಕನನ್ನೇ ತೆಗೆದರೆ ಸುಮ್ನೆ ಕೂರುವುದು ಹೇಗೆ? ತಮಾಷೆ ಏನೆಂದರೆ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತಲ್ಲ, ಬೇಕಲ ಇರುವುದು ಆ ಹೊಳೆಯ ದಕ್ಷಿಣಕ್ಕೆ. ಆಯೋಗವೂ ಕೇಳದ ಕೋಟೆಗೆ ನಾನೊಬ್ಬನೇ ಮುತ್ತಿಗೆ ಹಾಕಿ ಕೂತಿದ್ದೆ.

ಮರುದಿನ ನೋಡಿದರೆ ನಿರ್ವಾಹಕರೊಬ್ಬರು ನಾವು ತಿದ್ದದ ಹಾಗೆ ಪುಟಕ್ಕೆ ಬೀಗ ಹಾಕಿದ್ದರು. ಅದೂ ಎದುರಿನವರ ವಾಕ್ಯ ಇದ್ದ ಹಾಗೆಯೇ! ವಿಕಿಪೀಡಿಯನ್ನರಲ್ಲಿ ಇದರ ಬಗ್ಗೆ ಹಳೆಯ ಜೋಕ್ ಉಂಟು: ನಿರ್ವಾಹಕರು ಯಾವಾಗ ಬೀಗ ಹಾಕಿದರೂ ತಪ್ಪು ಆವೃತ್ತಿಗೇ ಹಾಕುತ್ತಾರಂತೆ. ಎದುರಿನವರಿಗೂ ಇನ್ನೊಂದು ದಿನ ಹಾಗೆಯೇ ಕಂಡಿರುತ್ತದೆ.

ಬೀಗ ಬಿದ್ದ ಮೇಲೆ ಉಳಿದದ್ದು ಚರ್ಚೆ ಪುಟ ಒಂದೇ. ಇಂಗ್ಲಿಷಿನಲ್ಲಿ ಇದಕ್ಕೆ ದೊಡ್ಡ ವ್ಯವಸ್ಥೆಯೇ ಉಂಟು. ಇಬ್ಬರ ಜಗಳಕ್ಕೆ ಮೂರನೆಯವರ ಅಭಿಪ್ರಾಯ ಕೇಳಬಹುದು, ಅದಕ್ಕೂ ಬಗ್ಗದಿದ್ದರೆ ಎಲ್ಲರನ್ನೂ ಕರೆದು ಸುಮಾರು ಒಂದು ತಿಂಗಳು ಚರ್ಚೆ ನಡೆಸಬಹುದು, ತೀರಾ ಕೊನೆಗೆ ಪಂಚಾಯ್ತಿ ಸಮಿತಿಯೂ ಉಂಟು. ಆದರೆ ಆ ಸಮಿತಿ ಯಾರು ಹೇಗೆ ನಡೆದುಕೊಂಡರು ಎಂದಷ್ಟೇ ನೋಡುತ್ತದೆ. ಕೋಟೆ ಕಟ್ಟಿಸಿದ್ದು ಯಾರು ಎಂದು ತೀರ್ಪು ಕೊಡುವುದಿಲ್ಲ. ನಮ್ಮದು ಸಣ್ಣ ಊರು. ನಮಗಿರುವುದು ಅರಳಿ ಕಟ್ಟೆ. ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಕನ್ನಡ ವಿಕಿಪೀಡಿಯದಲ್ಲಿ ನಿಜವಾಗಿಯೂ ಅದೇ ಹೆಸರು. ಅಲ್ಲಿ ಹೋಗಿ ಯಾರಾದರೂ ಸ್ವಲ್ಪ ನೋಡಿ ಎಂದು ಬರೆದೆ.

ಬಂದವರು ಪುತ್ತೂರಿನವರು. ಯಾರ ಪರವನ್ನೂ ಹಿಡಿಯಲಿಲ್ಲ. "ಇಬ್ಬರೂ ನಿಮ್ಮ ಅಭಿಪ್ರಾಯ ಬಿಡಿ, ಒಂದೊಂದು ಪುಸ್ತಕ, ಅದರ ಪುಟ ಸಂಖ್ಯೆ ಹಾಕಿ" ಎಂದರು. ಅಷ್ಟೇ.

ನನ್ನ ಹತ್ತಿರ ಇದ್ದದ್ದು ಒಂದು ಪತ್ರಿಕೆಯ ಪ್ರವಾಸ ಲೇಖನ. ಸರಿಯಾಗಿ ಓದಿದಾಗ ಗೊತ್ತಾಯಿತು, ಅದರಲ್ಲಿದ್ದ ಎರಡು ಸಾಲು ನಮ್ಮ ವಿಕಿ ಪುಟದಿಂದಲೇ ಎತ್ತಿದ್ದು, ಅಕ್ಷರ ತಪ್ಪಿನ ಸಮೇತ. ಅಂದರೆ ನನ್ನ ಮಾತಿಗೆ ನಾನೇ ಸಾಕ್ಷಿ. ಅಜ್ಜ ಹೇಳುತ್ತಿದ್ದ ಕತೆಯೂ ಇತ್ತು, ಆದರೆ ಅಜ್ಜನಿಗೆ ಪುಟ ಸಂಖ್ಯೆ ಇಲ್ಲವಲ್ಲ. ವಿಕಿಪೀಡಿಯದಲ್ಲಿ ಇದು ನನಗೆ ಈಗಲೂ ನೋವು ಕೊಡುವ ವಿಷಯ. ನಮ್ಮ ಕಡೆಯ ಎಷ್ಟೋ ಸಂಗತಿ ಅಚ್ಚಾಗಿಯೇ ಇಲ್ಲ, ಹಾಗಾಗಿ ವಾದದಲ್ಲಿ ಅವು ಇಲ್ಲದ ಹಾಗೆಯೇ. ಆದರೆ ನನ್ನ ಅಜ್ಜನನ್ನು ಒಪ್ಪಿಕೊಂಡರೆ ಎದುರಿನವರ ಅಜ್ಜನನ್ನೂ ಒಪ್ಪಬೇಕಾಗುತ್ತದೆ, ಅಲ್ವಾ?

ಎದುರಿನವರು ತಂದದ್ದು 1895ರ ಸೌತ್ ಕೆನರಾ ಮ್ಯಾನ್ಯುಯಲ್. ಮದರಾಸು ಸರ್ಕಾರದ ಕಾಲದ ಜಿಲ್ಲಾ ಕೈಪಿಡಿ, ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದಾಗಿನದು. ಅದರಲ್ಲಿ ಇರುವುದು ಹೀಗೆ: 1650ರಿಂದ 1670ರ ನಡುವೆ ಬಿದನೂರಿನ, ಅಂದರೆ ಕೆಳದಿಯವರ ರಾಜಧಾನಿಯ, ಶಿವಪ್ಪ ನಾಯಕ ಇಲ್ಲಿ ತುಂಬಾ ಕೋಟೆ ಕಟ್ಟಿಸಿದನಂತೆ. ಆದರೆ ಬೇಕಲ ಮತ್ತು ಚಂದ್ರಗಿರಿ, ಈ ಎರಡು, ಅವನು ದಂಡೆತ್ತಿ ಬರುವ ತನಕ ಕೋಲತ್ತಿರಿ ಅಂದರೆ ಚಿರಕ್ಕಲ್ ಅರಸರ ಕೈಯಲ್ಲಿದ್ದವು. ನಾನು ಅದನ್ನು ಮೂರು ಸಲ ಓದಿದೆ. ಎಲ್ಲಾದರೂ ನನ್ನ ಕಡೆಗೆ ವಾಲುತ್ತದೋ ಎಂದು.

ಸೋತೆ ಎಂದು ಬರೆಯಲು ಬೆರಳು ಬರಲಿಲ್ಲ. ಒಂದು ದಿನ ಬಿಟ್ಟು ಹೋಗಿ, ಮ್ಯಾನ್ಯುಯಲ್ ಹೀಗೆ ಹೇಳುತ್ತದೆ ಎಂದು ಅದರ ಹೆಸರಿನಲ್ಲೇ ಬರೆಯೋಣ, ಈಗಿನ ಕೋಟೆಯನ್ನು ಶಿವಪ್ಪ ನಾಯಕ ಕಟ್ಟಿಸಿದ್ದು ಎನ್ನುವ ಪುಸ್ತಕಗಳನ್ನೂ ಪಕ್ಕದಲ್ಲೇ ಇಡೋಣ, ನಾವಾಗಿ ಯಾರನ್ನೂ ಗೆಲ್ಲಿಸುವುದು ಬೇಡ ಎಂದೆ. ಆಗಬಹುದು ಎಂದರು. ಮಾತು ಮುಂದುವರಿದಾಗ ಅವರು ನೀಲೇಶ್ವರದವರು, ಕನ್ನಡ ಶಾಲೆಯಲ್ಲೇ ಓದಿದವರು ಎಂದು ಗೊತ್ತಾಯಿತು. ನಾಲ್ಕು ಸಲ ತಿರುಗಿಸುವ ಮೊದಲು ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಆ ರಾತ್ರಿ ಅವರನ್ನು ನಾನು ಏನೇನೋ ಅಂದುಕೊಂಡಿದ್ದೆ, ಇಲ್ಲಿ ಬರೆಯುವ ಹಾಗಿಲ್ಲ.

ಆ ಪುಟ ಈಗ ನನ್ನ ವೀಕ್ಷಣಾ ಪಟ್ಟಿಯಲ್ಲಿ ಉಂಟು, ಯಾರು ತಿದ್ದಿದರೂ ಅದರಲ್ಲಿ ಕಾಣುತ್ತದೆ. ಕಳೆದ ವಾರ ಯಾರೋ ಬಂದು ಕೋಟೆ ಕಟ್ಟಿಸಿದ್ದು ಟಿಪ್ಪು ಸುಲ್ತಾನ ಎಂದು ಬರೆದಿದ್ದರು. ಸರಿಮಾಡಲು ನಾನು ಲಾಗಿನ್ ಆಗುವಷ್ಟರಲ್ಲಿ ನೀಲೇಶ್ವರದವರು ತೆಗೆದಾಗಿತ್ತು. ಶಿವಪ್ಪ ನಾಯಕ ಇದ್ದಲ್ಲೇ ಇದ್ದ.