ನಾಲ್ಕನೇ ಸಲ

ನಿನ್ನೆ ನಮ್ಮ ಕಾರವಾರದ ಹುಡುಗರನ್ನು ಕರೆದುಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿದ್ದೆ. ಟೂರ್ನಿಗಳು ಶುರುವಾಗುವ ಮೊದಲು ಒಂದು ಸೌಹಾರ್ದ ಬಾಸ್ಕೆಟ್‌ಬಾಲ್ ಪಂದ್ಯ. ಮಳೆಗೆ ಕೋರ್ಟಿನ ಮೂಲೆಯಲ್ಲಿ ಹಾವಸೆ ಕಟ್ಟಿತ್ತು. ಎರಡೂ ತಂಡದ ಮಕ್ಕಳು ಸೇರಿ ಗೋಣಿಚೀಲ ಹಾಕಿ ತಿಕ್ಕಿದರು.

10 ನಿಮಿಷದ 4 ಕ್ವಾರ್ಟರ್. ಎರಡನೆಯದರಲ್ಲಿ ಹಳಬರನ್ನೆಲ್ಲ ಕೂರಿಸಿ ಹೊಸ ಐವರನ್ನೇ ಇಳಿಸಿದೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಎಡಗೈಯಲ್ಲಿ ಡ್ರಿಬಲ್ ಮಾಡಲು ಹೋಗಿ ಮೂರು ಸಲ ಚೆಂಡು ಕಳೆದುಕೊಂಡ. ಮೂರನೇ ಸಲ ಬೆಂಚಿನತ್ತ ನೋಡಿದ, ಹೊರಗೆ ಕರೆಯುತ್ತೇನೆ ಅಂತ. ಕರೆಯಲಿಲ್ಲ. 'ಮತ್ತೆ ಎಡಗೈಯಲ್ಲೇ ಹೋಗೋ' ಅಂದೆ. ನಾಲ್ಕನೇ ಸಲ ತಲೆ ಎತ್ತಿ, ರಿಂಗಿನ ಕೆಳಗಿದ್ದ ಗೆಳೆಯನಿಗೆ ನೆಲಕ್ಕೆ ಪುಟಿಸಿ ಪಾಸ್ ಕೊಟ್ಟ. ಬುಟ್ಟಿಗೆ ಬೀಳಲಿಲ್ಲ ಬಿಡಿ. ಆದರೆ ಆ ತಲೆ ಎತ್ತಿದ್ದು ಇದೆಯಲ್ಲ, ಅದಕ್ಕಾಗಿ ಜೂನ್‌ನಿಂದ ಕಾದಿದ್ದೆ.

2019ರ ಅಕ್ಟೋಬರಿನಲ್ಲಿ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್, ಇಂಡಿಯಾನಾ ಪೇಸರ್ಸ್ ತಂಡಗಳು ಮುಂಬೈಯಲ್ಲಿ ಆಡಿದ್ದೂ ಸೀಸನ್ ಮುಂಚಿನ ಪಂದ್ಯಗಳೇ. ಅವುಗಳ ಫಲಿತಾಂಶ ಲೀಗಿನ ಪಟ್ಟಿಗೆ ಸೇರುವುದಿಲ್ಲ. ಹಾಗಾಗಿ ಕೋಚ್‌ಗಳು ಹೊಸಬರನ್ನು ಧಾರಾಳವಾಗಿ ಆಡಲು ಬಿಡುತ್ತಾರೆ. ನಮ್ಮಲ್ಲಿ ಸೌಹಾರ್ದ ಪಂದ್ಯವನ್ನೂ ಗೆಲ್ಲಲೇಬೇಕೆಂದು ಅದೇ ಐವರನ್ನು ಕೊನೆತನಕ ಓಡಿಸುವುದು ಕಂಡಾಗ ಸಂಕಟವಾಗುತ್ತದೆ. ಬೆಂಚಿನ ಮಗು ಕಲಿಯುವುದು ಯಾವಾಗ?

ಸೋತೆವು. ಘಟ್ಟ ಇಳಿಯುವಾಗ ಆ ಹುಡುಗ ನನ್ನ ಸೀಟಿನ ಹತ್ತಿರ ಬಂದು ಕೇಳಿದ: 'ಸರ್, ನಾಳೆ ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಮೊದಲೇ ಬರ್ಲಾ?'